ಮನಃಶಾಸ್ತ್ರ ಓದುವ ಮಕ್ಕಳಿಗೆ ಸಂಶೋಧನೆಯ ಮೊದಲ ಪಾಠ

ಇಂಟರ್‌ಮೀಡಿಯೆಟ್ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ ಬಗೆಯದು. ಇಂಜಿನಿಯರಿಂಗ್, ವೈದ್ಯಕೀಯ, ವಾಣಿಜ್ಯ ಇವುಗಳಾಚೆಗಿನ ಹೆಸರು ಕೇಳಿಬಂದರೆ ಹಿರಿಯರ ಮುಖದಲ್ಲಿ ಚಿಂತೆ ಮೂಡುತ್ತದೆ. ನಮ್ಮ ಮಗಳು ಮನಃಶಾಸ್ತ್ರ ಓದುವೆನೆಂದಾಗ ನಮ್ಮಲ್ಲೂ ಹಾಗೆಯೇ ಆಯಿತು. ‘ಓದಿ ಮುಂದೇನು?’ ಎಂದು ಹತ್ತು ಬಾರಿ ಕೇಳಿದೆವು. ‘ಓದುವಾಗ ಯಾರ ಬಳಿ, ಏನು ಕೆಲಸ ಕಲಿಯುತ್ತೀಯೆ?’ ಎಂದು ಒಮ್ಮೆಯೂ ಕೇಳಲಿಲ್ಲ. ಆ ಎರಡನೆಯ ಪ್ರಶ್ನೆಯೇ ಮುಖ್ಯವೆಂದು ತಿಳಿಯಲು ನಮಗೆ ಎರಡು ವರ್ಷ ಬೇಕಾಯಿತು. ಅಷ್ಟು ಕಾಲ ಇತರ ತಂದೆತಾಯಿಯರಿಗೆ ಬೇಡವಾಗಲಿ ಎಂಬ ಆಶಯದಿಂದ ಈ ಲೇಖನ.

ಮನಃಶಾಸ್ತ್ರ ಎಂಬುದು ಪ್ರಯೋಗದ ವಿದ್ಯೆ

ಮನಃಶಾಸ್ತ್ರವೆಂದರೆ ಎದುರಿಗಿರುವವರ ಮನಸ್ಸನ್ನು ಓದುವ ಕಲೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವಾಸ್ತವದಲ್ಲಿ ಇದು ಅಳೆದು, ಎಣಿಸಿ, ಮತ್ತೊಮ್ಮೆ ಪರೀಕ್ಷಿಸಿ ಮಾತನಾಡುವ ಶಾಸ್ತ್ರ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದುದನ್ನೇ ಈ ಶಾಸ್ತ್ರದ ಆರಂಭವೆಂದು ಗಣಿಸುತ್ತಾರೆ. ಭಾರತದಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ತರುವಾಯ ಈ ವಿಭಾಗ ಆರಂಭವಾದದ್ದು ನಮ್ಮ ಮೈಸೂರಿನಲ್ಲಿ, 1924ರಲ್ಲಿ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ತರಬೇತಿ ಪಡೆದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಇವರೇ. ಮುಂದೆ ವಿ. ವಿ. ಕಾಮತ್ ಅವರು ಪಾಶ್ಚಾತ್ಯರ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರು ಈ ಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪರಿಚಿತ.

ಇಂತಹ ಕೆಲಸವನ್ನು ಪುಸ್ತಕ ಓದಿ ಕಲಿಯಲಾಗದು. ಸಂಗೀತದಂತೆ ಇದನ್ನೂ ಗುರುವಿನ ಎದುರು ಕುಳಿತೇ ಕಲಿಯಬೇಕು.

ಪ್ರಾಧ್ಯಾಪಕರ ಬಳಿ ಕಲಿಯುವುದೇನು?

ಪದವಿ ವಿದ್ಯಾರ್ಥಿಗೆ ಆರಂಭದಲ್ಲಿ ದೊರೆಯುವುದು ಸಣ್ಣ ಕೆಲಸ. ಭರ್ತಿಯಾದ ಪ್ರಶ್ನಾವಳಿಗಳನ್ನು ಗಣಕಯಂತ್ರಕ್ಕೆ ಏರಿಸುವುದು, ಹಳೆಯ ಸಂಶೋಧನಾ ಲೇಖನಗಳನ್ನು ಹುಡುಕಿ ಸಾರಾಂಶ ಬರೆಯುವುದು, ಪ್ರಯೋಗಕ್ಕೆ ಬಂದವರನ್ನು ಕುಳ್ಳಿರಿಸಿ ಎಲ್ಲರಿಗೂ ಒಂದೇ ಮಾತಿನಲ್ಲಿ ಸೂಚನೆ ಕೊಡುವುದು ಇತ್ಯಾದಿ. ‘ಇದೇನು ಗುಮಾಸ್ತೆ ಕೆಲಸ’ ಎಂದು ನಾವು ಮೂಗು ಮುರಿದದ್ದುಂಟು. ಆದರೆ ಉತ್ತರವಿಲ್ಲದ ಖಾನೆಯನ್ನು ಏನು ಮಾಡಬೇಕು, ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಗುರುತಿಸಿದ ಹಾಳೆಯನ್ನು ನಂಬಬಹುದೇ ಎಂಬ ಪ್ರಶ್ನೆಗಳು ಅಲ್ಲಿಯೇ ಏಳುತ್ತವೆ. ಅವನ್ನು ಎದುರಿಸಿದವರಿಗೆ ಸಂಖ್ಯಾಶಾಸ್ತ್ರದ ಪಾಠ ಅರ್ಥವಾಗುತ್ತದೆ.

ಈ ಎಚ್ಚರ ಏಕೆ ಬೇಕೆಂಬುದಕ್ಕೆ 2015ರ ಒಂದು ಪ್ರಕಟಣೆಯನ್ನು ನೆನೆಯಬಹುದು. ಹಲವು ದೇಶಗಳ ಸಂಶೋಧಕರು ಒಟ್ಟುಗೂಡಿ, ಹೆಸರಾಂತ ಪತ್ರಿಕೆಗಳಲ್ಲಿ ಬಂದಿದ್ದ 100 ಮನಃಶಾಸ್ತ್ರ ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದರು. ಮೂಲ ಅಧ್ಯಯನಗಳಲ್ಲಿ ಬಹುತೇಕ ಎಲ್ಲವೂ ಗಣನೀಯ ಫಲಿತಾಂಶ ತೋರಿದ್ದವು. ಎರಡನೆಯ ಬಾರಿ ಹಾಗೆ ನಿಂತವು ಶೇ. 36ರಷ್ಟು ಮಾತ್ರ. ಆದುದರಿಂದ ಹಿಂದೆ ನಡೆದ ಒಂದು ಸಣ್ಣ ಅಧ್ಯಯನವನ್ನು ಪ್ರಾಮಾಣಿಕವಾಗಿ ಪುನಃ ಮಾಡಿ ನೋಡುವುದೂ ಗೌರವದ ಸಂಶೋಧನೆಯೇ. ಪದವಿ ವಿದ್ಯಾರ್ಥಿಯ ಕೈಗೆ ಎಟಕುವ ಕೆಲಸವೂ ಅದೇ.

ಮಾರ್ಗದರ್ಶಕರನ್ನು ಹುಡುಕುವ ಬಗೆ

ನಮ್ಮ ಮಗಳು ಮೊದಲಿಗೆ ಒಂದೇ ಪತ್ರವನ್ನು ಹನ್ನೆರಡು ಮಂದಿ ಪ್ರಾಧ್ಯಾಪಕರಿಗೆ ಕಳುಹಿಸಿದಳು. ಒಬ್ಬರಿಂದಲೂ ಉತ್ತರ ಬರಲಿಲ್ಲ. ನಾವು ಬೇಸರಗೊಂಡು ಈ ನಗರದಲ್ಲಿ ಪರಿಚಯವಿಲ್ಲದೆ ಏನೂ ನಡೆಯದೆಂದು ತೀರ್ಮಾನಿಸಿಬಿಟ್ಟೆವು. ತಪ್ಪು ಪತ್ರದಲ್ಲಿತ್ತು. ತನ್ನ ಅಂಕಗಳನ್ನೂ ಆಸೆಗಳನ್ನೂ ಬರೆದಿದ್ದಳೇ ಹೊರತು, ಅವರ ಸಂಶೋಧನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅನಂತರ ತನ್ನ ಕಾಲೇಜಿನಲ್ಲೇ ಪಾಠ ಹೇಳುತ್ತಿದ್ದ ಅಧ್ಯಾಪಕಿಯೊಬ್ಬರ ಲೇಖನವನ್ನು ಎರಡು ಬಾರಿ ಓದಿ, ಅರ್ಥವಾಗದ ಭಾಗವನ್ನು ಕೇಳಲು ಹೋದಳು. ಅರ್ಧ ಗಂಟೆಯ ಮಾತುಕತೆ ಮುಗಿಯುವಷ್ಟರಲ್ಲಿ ವಾರಕ್ಕೆ ಆರು ಗಂಟೆಯ ಕೆಲಸ ದೊರೆತಿತ್ತು.

ಇದರಿಂದ ನಾವು ಕಲಿತದ್ದಿಷ್ಟು: ಹುಡುಕಾಟ ತಮ್ಮ ಕಾಲೇಜಿನಿಂದಲೇ ಮೊದಲಾಗಬೇಕು. ಪತ್ರ ಚಿಕ್ಕದಿರಲಿ, ಓದಿದ ಲೇಖನ ಯಾವುದು, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲೆ, ಯಾವ ಯಾವ ಭಾಷೆ ಬಲ್ಲೆ ಎಂಬುದನ್ನು ತಿಳಿಸಲಿ. ಎರಡು ವಾರದ ಮೇಲೆ ವಿನಯದಿಂದ ಒಮ್ಮೆ ನೆನಪಿಸುವುದರಲ್ಲಿ ತಪ್ಪಿಲ್ಲ. ಹಣ ಪಡೆದು ಪ್ರಮಾಣಪತ್ರ ನೀಡುವ, ಮಾರ್ಗದರ್ಶಕರು ಯಾರೆಂದೇ ಹೇಳದ ‘ಇಂಟರ್ನ್‌ಶಿಪ್’ಗಳಿಂದ ದೂರವಿರುವುದು ಕ್ಷೇಮ.

ನಮ್ಮ ನಗರದಲ್ಲಿ ಅವಕಾಶಗಳಿಗೆ ಕೊರತೆಯಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗವಿದೆ. ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ಆರೋಗ್ಯ ಮನಃಶಾಸ್ತ್ರ ಕೇಂದ್ರವೂ ನರ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರವೂ ಇವೆ. ಅದೇ ಪ್ರದೇಶದ ಐಐಐಟಿಯಲ್ಲಿ ಅರಿವಿನ ವಿಜ್ಞಾನದ ಪ್ರಯೋಗಾಲಯವಿದೆ. ಬೌದ್ಧಿಕ ಅಸಾಮರ್ಥ್ಯವುಳ್ಳವರಿಗಾಗಿ 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿದೆ. ಹೊರಗಿನ ವಿದ್ಯಾರ್ಥಿಗಳಿಗೆ ಅವಕಾಶವುಂಟೇ ಎಂಬುದನ್ನು ಆಯಾ ಸಂಸ್ಥೆಯಲ್ಲೇ ವಿಚಾರಿಸಬೇಕು.

ನಮ್ಮ ಭಾಷೆಯೇ ಒಂದು ಬಂಡವಾಳ

ಆ ಅಧ್ಯಾಪಕಿಯ ಅಧ್ಯಯನ ನಗರದ ಹಿರಿಯರ ಒಂಟಿತನವನ್ನು ಕುರಿತದ್ದು. ಕನ್ನಡ ಹಿರಿಯರಿಗಾಗಿ ಪ್ರಶ್ನಾವಳಿಯನ್ನು ಅನುವಾದಿಸುವ ಕೆಲಸ ಮಗಳ ಪಾಲಿಗೆ ಬಂತು. ಇಂತಹ ಅನುವಾದಕ್ಕೆ ಒಂದು ಕ್ರಮವಿದೆ. ರಿಚರ್ಡ್ ಬ್ರಿಸ್ಲಿನ್ ಎಂಬ ವಿದ್ವಾಂಸರು 1970ರಲ್ಲಿ ವಿವರಿಸಿದ ಮೇಲೆ ಅದು ಬಹಳವಾಗಿ ಬಳಕೆಗೆ ಬಂತು. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸಬೇಕು, ಆಮೇಲೆ ಎರಡನ್ನೂ ಹೋಲಿಸಬೇಕು. ಮರಳಿ ತಿರುಗಿಸುವವರಲ್ಲಿ ನಾವೂ ಒಬ್ಬರಾದೆವು. ‘ನಿಮಗೆ ಎಷ್ಟು ಸಲ ಬೇಸರವಾಗುತ್ತದೆ?’ ಎಂಬ ಪ್ರಶ್ನೆಯನ್ನು ನಾವು ‘ಬೋರ್’ ಎಂಬರ್ಥದಲ್ಲಿ ತಿರುಗಿಸಿದೆವು. ಮೂಲದಲ್ಲಿದ್ದದ್ದು ದುಃಖ! ಬೇಸರವೆಂದರೆ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ಮತ್ತೊಬ್ಬರ ಮಾತಿನಿಂದಾದ ನೋವೂ ಹೌದು. ಆ ಒಂದು ಪದಕ್ಕಾಗಿ ತಾಯಿ, ಮಗಳು, ನಾವು ಮೂವರೂ ಒಂದು ಭಾನುವಾರವೆಲ್ಲ ಕುಳಿತೆವು. ಮಗಳ ಓದು ನಮಗೆ ಮೊದಲ ಬಾರಿ ಅರ್ಥವಾದದ್ದು ಅಂದೇ.

ಹಲವು ಭಾಷೆಗಳ ನಡುವೆ ಬಾಳುವ ನಮ್ಮಂಥವರಿಂದ ವಿಜ್ಞಾನಕ್ಕೂ ಲಾಭವಿದೆ. ಇದೇ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಸುವರ್ಣಾ ಅಲ್ಲಾಡಿಯವರು ಸಹೋದ್ಯೋಗಿಗಳೊಡನೆ 648 ಮಂದಿ ಮರೆಗುಳಿ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಕಾಣಿಸಿಕೊಂಡದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದುಬರಹ ಬಾರದವರಲ್ಲೂ ಈ ಅಂತರ ಕಂಡುಬಂತು. ಆದುದರಿಂದ ಇದು ಕೇವಲ ಶಿಕ್ಷಣದ ಫಲವೆನ್ನುವಂತಿರಲಿಲ್ಲ. ತೆಲುಗು, ದಖನಿ, ಹಿಂದಿ, ಇಂಗ್ಲಿಷ್‌ಗಳು ಬೆರೆತ ಈ ನಗರವೇ ಆ ಅಧ್ಯಯನಕ್ಕೆ ನೆಲೆಯಾಯಿತು.

ಗುಟ್ಟು ಕಾಯುವ ಶಿಸ್ತು

ಮಗಳು ನಮ್ಮ ಬಡಾವಣೆಯ ಹಿರಿಯರನ್ನೂ ಭೇಟಿಯಾದಳು. ಒಂದು ಸಂಜೆ ನಾವು ಕುತೂಹಲ ತಡೆಯದೆ, ‘ಪಕ್ಕದ ಮನೆಯ ಅಜ್ಜಿ ಏನೆಂದರು?’ ಎಂದು ಕೇಳಿದೆವು. ‘ಅಪ್ಪಾ, ಅದನ್ನು ಹೇಳುವ ಹಾಗಿಲ್ಲ. ನೀವು ಬ್ಯಾಂಕಿನಲ್ಲಿ ಒಬ್ಬರ ಖಾತೆಯ ವಿವರ ಇನ್ನೊಬ್ಬರಿಗೆ ಹೇಳುತ್ತೀರಾ?’ ಎಂದಳು. ಮೂವತ್ತು ವರ್ಷ ಗ್ರಾಹಕರ ಗುಟ್ಟು ಕಾಯ್ದ ನಾವು ಸುಮ್ಮನಾಗಬೇಕಾಯಿತು. ಭಾಗವಹಿಸುವವರಿಗೆ ಉದ್ದೇಶ ತಿಳಿಸಿ ಸಮ್ಮತಿ ಪಡೆಯಬೇಕು, ಬೇಡವೆಂದಾಗ ಬಿಟ್ಟುಬಿಡಬೇಕು, ಹೆಸರು ಹೊರಬರಬಾರದು ಎಂಬುದು ನಿಯಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ವಿಸ್ತಾರವಾಗಿ ಹೇಳುತ್ತದೆ. ಗುರುವಿನ ಹತ್ತಿರದಲ್ಲಿದ್ದಾಗ ಇಂತಹ ನಿಯಮ ಸ್ವಭಾವವಾಗುತ್ತದೆ.

ಪದವಿಯ ಹೊಸ ನಿಯಮಗಳು

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75ಕ್ಕೆ ಕಡಿಮೆಯಿಲ್ಲದಂತೆ ಅಂಕ ಗಳಿಸಿದವರು ನಾಲ್ಕನೆಯ ವರ್ಷದಲ್ಲಿ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಸಂಶೋಧನೆ ಆಯ್ದುಕೊಳ್ಳಬಹುದು. ಅದಕ್ಕೆ 12 ಕ್ರೆಡಿಟ್. ಆದರೆ ಎಲ್ಲ ಕಡೆಯೂ ಈ ಏರ್ಪಾಡು ಇಲ್ಲ. ಕರ್ನಾಟಕವು 2021ರಲ್ಲಿ ತಂದ ನಾಲ್ಕು ವರ್ಷದ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಮಕ್ಕಳನ್ನು ಬೆಂಗಳೂರಿಗೋ ಮೈಸೂರಿಗೋ ಕಳುಹಿಸುವವರು ಸೇರುವ ಮೊದಲೇ ವಿಚಾರಿಸುವುದು ಒಳಿತು. ಪದವಿಯೊಂದರಿಂದಲೇ ಯಾರೂ ಚಿಕಿತ್ಸಾ ಮನಃಶಾಸ್ತ್ರಜ್ಞರಾಗುವುದಿಲ್ಲ, ಅದಕ್ಕೆ ಮುಂದಿನ ವೃತ್ತಿಶಿಕ್ಷಣವೂ ನೋಂದಣಿಯೂ ಬೇಕು ಎಂಬುದನ್ನೂ ಮರೆಯಬಾರದು.

ತಂದೆತಾಯಿಯರು ಮಾಡಬೇಕಾದದ್ದು ಬಹಳವಿಲ್ಲ. ಫಲಿತಾಂಶ ಬರದ ತಿಂಗಳುಗಳಲ್ಲಿ ತಾಳ್ಮೆ, ಸಂಜೆ ತಡವಾಗಿ ಬಂದಾಗ ನಂಬಿಕೆ, ಕೇಳಿದಾಗ ಭಾಷೆಯ ನೆರವು ಇಷ್ಟು ಸಾಕು. ನಾಳೆ ನಮ್ಮ ಸಂಘದ ಯಾವುದೋ ಮನೆಯ ಮಗು ಪ್ರಶ್ನಾವಳಿ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ, ದಯವಿಟ್ಟು ಒಳಗೆ ಕರೆದು ಕುಳ್ಳಿರಿಸಿ. ಉದ್ದೇಶವನ್ನು ಕೇಳಿ ತಿಳಿದುಕೊಳ್ಳಿ. ಒಪ್ಪಿಗೆಯಾದರೆ ಉತ್ತರವನ್ನು ಮಾತ್ರ ನಿಜವಾಗಿ ಹೇಳಿ. ಆ ಮಗುವಿನ ಕಲಿಕೆ ನಿಂತಿರುವುದು ಅದರ ಮೇಲೆಯೇ.