ಇರುಳ ಕಡಲಿಗೆ ಇಳಿಯುವ ಮುನ್ನ

ಹವಾಯಿ ದ್ವೀಪದ ಪಡುವಣ ತೀರವಾದ ಕೋನಾದಲ್ಲಿ ಸೂರ್ಯನು ಕಡಲಿಗಿಳಿಯುತ್ತಲೇ ದೋಣಿಗಳು ಕೆಯಾಹೌ ಕೊಲ್ಲಿಯತ್ತ ತಿರುಗುತ್ತವೆ. ಕುಳಿತವರ ಬೆನ್ನಿಗೆ ಗಾಳಿಯ ಸಿಲಿಂಡರು, ಕೈಯಲ್ಲಿ ದೀಪ. ಕೆಲವರು ಸ್ಕೂಬಾ ವಿದ್ಯೆಯನ್ನು ಕಲಿತು ಇನ್ನೂ ತಿಂಗಳು ಕೂಡ ತುಂಬಿರುವುದಿಲ್ಲ. ಕೆಳಗೆ ನೀರು ಕಾಡಿಗೆಯಷ್ಟು ಕಪ್ಪು. ‘ಇದಕ್ಕೆ ನಾನು ಸಿದ್ಧನೇ?’ ಎಂಬ ಪ್ರಶ್ನೆ ಆಗ ಮನಸ್ಸಿನಲ್ಲಿ ಏಳದವನ ಬಗೆಗೇ ಜೊತೆಗಾರರು ಹೆಚ್ಚು ಅಂಜಬೇಕು.

1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾಂ ಅವರು ಅಕ್ವಾಲಂಗ್ ಎಂಬ ಉಸಿರಾಟದ ಸಾಧನವನ್ನು ರೂಪಿಸಿದ ಮೇಲೆ ಕಡಲ ತಳವು ಸಾಮಾನ್ಯರಿಗೂ ತೆರೆಯಿತು. ಇಂದು ಪ್ಯಾಡಿ ಎಂಬ ತರಬೇತಿ ಸಂಸ್ಥೆಯ ಮೊದಲ ಪ್ರಮಾಣಪತ್ರವನ್ನು ಪಡೆಯಲು ತೆರೆದ ನೀರಿನಲ್ಲಿ ನಾಲ್ಕು ಬಾರಿ ಮುಳುಗಿದರೆ ಸಾಕು; ಅನಂತರ 18 ಮೀಟರ್ ಆಳದವರೆಗೆ ಹೋಗಬಹುದು. ಮುಂದಿನ ಮೆಟ್ಟಿಲ ಶಿಕ್ಷಣದಲ್ಲಿ ರಾತ್ರಿಯ ಮುಳುಗೂ ಒಂದು ಪಾಠ. ಕಾಗದದ ಲೆಕ್ಕದಲ್ಲಿ ಐದನೆಯ ಮುಳುಗೇ ಇರುಳಿನದಾಗಬಹುದು. ಆದರೆ ಕಡಲು ಕಾಗದವನ್ನು ಓದುವುದಿಲ್ಲ. ನೇತ್ರಾಣಿಯ ನೀರಿನಲ್ಲಿ ಶಿಕ್ಷಕನ ಕೈಹಿಡಿದು ಒಮ್ಮೆ ಇಳಿದು ಬಂದ ನಮ್ಮ ಕಡೆಯ ಪ್ರವಾಸಿಯಂತೂ ಈ ಲೆಕ್ಕದೊಳಗೇ ಬರುವುದಿಲ್ಲ. ಅಲ್ಲಿ ಅವನ ಆಳವನ್ನೂ ಗಾಳಿಯನ್ನೂ ನೋಡಿಕೊಂಡವನು ಬೇರೊಬ್ಬ.

ಕತ್ತಲೆಯು ಮುಳುಗುಗಾರನಿಂದ ಮೊದಲು ಕಸಿಯುವುದು ಮೇಲು-ಕೆಳಗುಗಳ ಅರಿವನ್ನು. ಹಗಲಿನಲ್ಲಿ ತಲೆಯ ಮೇಲೆ ಬೆಳಕುಂಟು, ಕಾಲ ಕೆಳಗೆ ಮರಳುಂಟು. ಇರುಳಿನಲ್ಲಿ ಉಳಿಯುವುದು ದೀಪದ ಒಂದು ಕೋಲು ಬೆಳಕು ಮಾತ್ರ. ತಾನು ಮೇಲೇರುತ್ತಿರುವುದು ಅವನಿಗೇ ತಿಳಿಯದೆ ಹೋಗಬಹುದು. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯ ಎರಡರಷ್ಟು; ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗುತ್ತದೆ. ಗಾಬರಿಯಿಂದ ಉಸಿರು ಬಿಗಿಹಿಡಿದು ಏರಿದವನ ಶ್ವಾಸಕೋಶವು ಹರಿದು, ಗಾಳಿಯ ಗುಳ್ಳೆಯು ರಕ್ತದ ಮೂಲಕ ಮಿದುಳಿಗೆ ಸೇರಬಹುದು. ಪ್ರಾಣಕ್ಕೆ ಕುತ್ತು ಬರುವ ದಾರಿಗಳಲ್ಲಿ ಇದೂ ಒಂದು.

ಆದ್ದರಿಂದ ಮೊದಲ ಪರೀಕ್ಷೆ ತೇಲುವಿಕೆಯದು. ಕೈಯಾಡಿಸದೆ, ಕಾಲು ಬಡಿಯದೆ, ಬರಿಯ ಉಸಿರಿನ ಬಲದಿಂದ ಒಂದೇ ಆಳದಲ್ಲಿ ಕೆಲವು ನಿಮಿಷ ನಿಲ್ಲಬಲ್ಲನೇ? ಎರಡನೆಯದು ಕೈಗಳದು. ಬಾಯಿಂದ ಜಾರಿದ ಉಸಿರಾಟದ ಕೊಳವೆ, ಅಂಗಿಗೆ ಗಾಳಿ ತುಂಬುವ ಗುಂಡಿ, ಜೊತೆಗಾರನ ಹೆಚ್ಚುವರಿ ಕೊಳವೆ — ಇವನ್ನು ಕಣ್ಣಿನ ನೆರವಿಲ್ಲದೆ ಕೈಯೇ ಹುಡುಕಿಕೊಳ್ಳಬೇಕು. ನೀರು ನುಗ್ಗಿದ ಮುಖಗನ್ನಡಿಯನ್ನು ಕತ್ತಲಲ್ಲಿಯೂ ಮೂಗಿನ ಉಸಿರಿನಿಂದ ತೆರವು ಮಾಡಬೇಕು. ಈಜುಕೊಳದಲ್ಲಿ ಶಿಕ್ಷಕನ ಎದುರು ಕಣ್ಣು ಮುಚ್ಚಿ ಇದನ್ನೆಲ್ಲ ಮಾಡಿನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಹಗಲಿನಲ್ಲೇ ಎಲ್ಲರಿಗಿಂತ ಮೊದಲು ಗಾಳಿ ಮುಗಿಸುವವನು ಇನ್ನೂ ಕೆಲವು ಹಗಲುಗಳನ್ನು ಕಳೆಯಲಿ.

ಸಿದ್ಧನಾದವನೂ ಹಗಲು ಕಂಡ ಜಾಗಕ್ಕೇ ಇರುಳು ಹೋಗತಕ್ಕದ್ದು. ಆಳ ಕಡಿಮೆಯಿರಲಿ, ಹೊತ್ತು ಮುಸ್ಸಂಜೆಯಿರಲಿ. ಒಬ್ಬೊಬ್ಬರಿಗೂ ಎರಡು ದೀಪ. ಮೊದಲನೆಯದು ಕೆಟ್ಟರೆ ಎರಡನೆಯದು ಮೇಲೆ ಬರುವುದಕ್ಕೇ ಹೊರತು ವಿಹಾರ ಮುಂದುವರಿಸುವುದಕ್ಕಲ್ಲ. ದೀಪದಿಂದ ನಿಧಾನವಾಗಿ ವೃತ್ತ ಬರೆದರೆ ‘ಕ್ಷೇಮ’. ಅತ್ತಿತ್ತ ಬಿರುಸಾಗಿ ಬೀಸಿದರೆ ‘ಇತ್ತ ನೋಡು, ತೊಂದರೆ’. ಎದುರಿನವನ ಮುಖಕ್ಕೆ ಬೆಳಕು ಹಿಡಿಯುವುದು ಮಾತ್ರ ಮಹಾ ಅಪರಾಧ. ಕತ್ತಲೆಗೆ ಒಗ್ಗಿದ ಕಣ್ಣು ಕ್ಷಣದಲ್ಲಿ ಕುರುಡಾಗುತ್ತದೆ.

ಇಷ್ಟೆಲ್ಲ ತೊಡಕು ಏತಕ್ಕೆಂದರೆ, ಕಡಲಿನ ನಿಜವಾದ ಬಣ್ಣ ಕಾಣುವುದು ಇರುಳಿನಲ್ಲಿಯೇ! ಹಗಲಿನ ಬಿಸಿಲಿನಿಂದ ಕೆಂಪನ್ನು ನೀರು ಮೊದಲೇ ಹೀರಿಬಿಡುವುದರಿಂದ ಆಳದಲ್ಲಿ ಎಲ್ಲವೂ ನೀಲಿ, ಬೂದು. ಕೈದೀಪದ ಬೆಳಕಾದರೋ ಗೇಣು ದೂರದಿಂದ ಬೀಳುತ್ತದೆ; ಬಂಡೆಯ ಮೇಲಿನ ಬೂದು ಕಲೆಯು ಕುಂಕುಮವಾಗುತ್ತದೆ. ಹವಳದ ಪುಟ್ಟ ಜೀವಿಗಳು ಎಳೆಗೈಗಳನ್ನು ಚಾಚಿ ಉಣ್ಣುವ ಹೊತ್ತು ಅದು. ಗಿಳಿಮೀನುಗಳಲ್ಲಿ ಕೆಲವು ತಾವೇ ಸ್ರವಿಸಿದ ಲೋಳೆಯ ಪರದೆಯೊಳಗೆ ನಿದ್ರಿಸುತ್ತವೆ.

ಕೆಯಾಹೌ ಕೊಲ್ಲಿಯ ಕಥೆಯೇ ಬೇರೆ. 1970ರ ದಶಕದಲ್ಲಿ ದಡದ ಹೋಟೆಲೊಂದು ಕಡಲಿನತ್ತ ದೀಪ ಹರಿಸಿತು. ಬೆಳಕಿಗೆ ಸೂಕ್ಷ್ಮಜೀವಿಗಳು ಮುತ್ತಿದವು. ಅವನ್ನುಣ್ಣಲು ಮಾಂಟಾಗಳು ಬಂದವು. ಕರಾವಳಿಯ ಬೆಸ್ತರು ತೊರಕೆ ಎನ್ನುವ ಮೀನಿನ ನೆಂಟರಿವು. ರೆಕ್ಕೆಯಿಂದ ರೆಕ್ಕೆಗೆ ಮೂರು-ನಾಲ್ಕು ಮೀಟರ್. ಬಾಲದಲ್ಲಿ ವಿಷದ ಮುಳ್ಳಿಲ್ಲ. ಈಗ ಮುಳುಗುಗಾರರು ಸುಮಾರು ಹತ್ತು ಮೀಟರ್ ಆಳದಲ್ಲಿ ದೀಪಗಳ ಸುತ್ತ, ಅಗ್ಗಿಷ್ಟಿಕೆಯ ಸುತ್ತ ಕುಳಿತವರಂತೆ ಕುಳಿತಿರುತ್ತಾರೆ. ಅಲೆದಾಡುವ ಕೆಲಸವಿಲ್ಲ, ಬೆಳಕಿಗೆ ಕೊರತೆಯಿಲ್ಲ, ಮಾರ್ಗದರ್ಶಿ ಪಕ್ಕದಲ್ಲೇ. ಹೊಸಬನ ಮೊದಲ ಇರುಳಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ವಿರಳ.

ಆದರೂ ದೋಣಿಯ ಅಂಚಿನಲ್ಲಿ ಎದೆ ಹೊಡೆದುಕೊಂಡರೆ ‘ಇಂದು ಬೇಡ’ ಎನ್ನುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಕಾರಣ ಕೇಳುವುದು ಈ ಬಳಗದ ಪದ್ಧತಿಯಲ್ಲ. ಹಾಗೆಂದವನು ಸಿಲಿಂಡರನ್ನು ಕಳಚಿಟ್ಟು, ಉಸಿರುಗೊಳವೆ ಕಚ್ಚಿ, ದೀಪ ಕಟ್ಟಿದ ತೇಲುಹಲಗೆಯನ್ನು ಹಿಡಿದು ನೀರಿನ ಮೇಲೆಯೇ ಮಲಗಬಹುದು. ಕೆಳಗಿನ ಕತ್ತಲಿನಿಂದ ಬಾಯಿ ತೆರೆದು ಏರಿ ಬರುವ ಮಾಂಟಾ, ಅವನೆದೆಗೆ ಒಂದು ಮೊಳ ದೂರದಲ್ಲಿ ಬೆಳ್ಳನೆಯ ಹೊಟ್ಟೆಯನ್ನು ತೋರಿಸಿ ಲಾಗ ಹಾಕುತ್ತದೆ.