ಬೇಸಿಗೆಯ ಲೆಕ್ಕ ತಪ್ಪಿದಾಗ

2025ರ ಮೇ 24. ತುಳುನಾಡಿನಲ್ಲಿ ಅಂದು ಪತ್ತನಾಜೆ, ಬೇಶ ತಿಂಗಳ ಹತ್ತನೆಯ ದಿನ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ, ಕೋಲ-ನೇಮಗಳಿಗೆ ಬಿಡುವು ಸಿಗುವ ದಿನ. ಮಳೆ ಹಿಡಿಯಲು ಇನ್ನೂ ಒಂದು-ಒಂದೂವರೆ ವಾರ ಇದೆ ಎಂಬುದು ಊರಿನ ಹಳೆಯ ಲೆಕ್ಕ. ಆ ಅವಧಿಯಲ್ಲಿ ಮುಗಿಯಬೇಕಾದ ಕೆಲಸಗಳು ಒಂದೆರಡಲ್ಲ. ಮಾಡಿನ ಒಡೆದ ಹೆಂಚು ಬದಲಿಸಬೇಕು, ಸೌದೆ ಕೊಟ್ಟಿಗೆ ಸೇರಬೇಕು, ಅಂಗಳದ ಚಾಪೆಯಲ್ಲಿ ಹರವಿದ ಹಲಸಿನ ಹಪ್ಪಳ ಗರಿಗರಿಯಾಗಿ ಒಣಗಿ ಡಬ್ಬಿಗೆ ಬೀಳಬೇಕು. ಆ ವರ್ಷ ಮುಂಗಾರು ಇದ್ಯಾವುದಕ್ಕೂ ಕಾಯಲಿಲ್ಲ. ಪತ್ತನಾಜೆಯ ದಿನವೇ ಕೇರಳಕ್ಕೆ ಬಂದಿತು, ಅಂದೇ ಕರ್ನಾಟಕದ ಕೆಲವು ಭಾಗಗಳಿಗೂ ಕಾಲಿಟ್ಟಿತು. ವಾಡಿಕೆಯಂತೆ ಅದು ಕೇರಳ ಮುಟ್ಟಬೇಕಾದದ್ದು ಜೂನ್ 1ಕ್ಕೆ. 2009ರ ನಂತರ ಇಷ್ಟು ಬೇಗ ಬಂದದ್ದೇ ಇಲ್ಲ.

ಬೇಗ ಮಳೆ ಬಂದರೆ ಒಳ್ಳೆಯದೇ ಅಲ್ಲವೇ ಎಂದು ಬಯಲುಸೀಮೆಯವರಿಗೆ ಅನ್ನಿಸಬಹುದು. ಅಡಿಕೆ ತೋಟದವರನ್ನು ಕೇಳಿದರೆ ಉತ್ತರ ಬೇರೆ. ಕೊಳೆರೋಗ ತಡೆಯಲು ಮೈಲುತುತ್ತು, ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು. ಔಷಧಿ ಕಾಯಿಯ ಮೇಲೆ ಒಣಗಿ ಅಂಟಿಕೊಳ್ಳಲು ಕೆಲವು ಗಂಟೆಗಳ ಬಿಸಿಲು ಬೇಕು. ಮರ ಏರಿ ಔಷಧಿ ಹೊಡೆಯುವವರು ಊರಿಗೆ ನಾಲ್ಕೈದು ಮಂದಿ ಮಾತ್ರ, ತೋಟಗಳು ಹತ್ತಾರು. ಎಲ್ಲರೂ ಮೇ ಕೊನೆಯ ವಾರವನ್ನೇ ನೆಚ್ಚಿಕೊಂಡಿರುತ್ತಾರೆ. ಆ ವಾರವೇ ನೀರುಪಾಲಾದರೆ ಕಾಂಡ ಜಾರುತ್ತದೆ, ಹತ್ತುವ ಧೈರ್ಯ ಯಾರಿಗೂ ಇರುವುದಿಲ್ಲ, ಹೊಡೆದ ಔಷಧಿಯೂ ತೊಳೆದುಹೋಗುತ್ತದೆ. ಒಂದು ವಾರ ತಪ್ಪಿದ್ದಕ್ಕೆ ಇಡೀ ವರ್ಷದ ಫಸಲು ದಂಡ ತೆರಬೇಕಾಗುತ್ತದೆ.

ಹಿಂದಿನ ವರ್ಷ ಬೆಂಗಳೂರು ಕಂಡದ್ದು ಇದಕ್ಕೆ ತದ್ವಿರುದ್ಧವಾದ ಬೇಸಿಗೆ. 2023ರಲ್ಲಿ ಎಲ್ ನಿನೊ ಪ್ರಭಾವದಿಂದ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಅದರ ಬಿಸಿ ರಾಜಧಾನಿಗೆ ತಟ್ಟಿದ್ದು 2024ರ ಮಾರ್ಚ್‌ನಲ್ಲಿ. ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದವು. ಕಾವೇರಿ ಕೊಳವೆ ತಲುಪದ ಹೊರವಲಯದ ಬಡಾವಣೆಗಳಲ್ಲಿ ಟ್ಯಾಂಕರ್ ಬರುವ ಹೊತ್ತೇ ಮನೆಯ ದಿನಚರಿಯಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಏಪ್ರಿಲ್ 28ರಂದು ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. 2016ರ ಏಪ್ರಿಲ್‌ನ 39.2 ಡಿಗ್ರಿ ಬಿಟ್ಟರೆ ನಗರದ ಏಪ್ರಿಲ್ ತಿಂಗಳ ದಾಖಲೆಯಲ್ಲಿ ಅದೇ ಅತಿ ಹೆಚ್ಚು.

ಬಳಿಕ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು ನೂರಕ್ಕೂ ಹೆಚ್ಚು ವರ್ಷಗಳ ದಾಖಲೆ. ಕೊಡ ಹಿಡಿದು ಟ್ಯಾಂಕರ್‌ಗೆ ಕಾದ ನಗರದಲ್ಲೇ ಕೆಲವು ವಾರಗಳ ಅಂತರದಲ್ಲಿ ರಸ್ತೆಗಳು ಹೊಳೆಯಾದವು.

ರಾಯಚೂರು, ಕಲಬುರಗಿಯವರಿಗೆ 38 ಡಿಗ್ರಿ ಎಂದರೆ ಬಿಸಿಲು ಇನ್ನೂ ಏರಿಲ್ಲ ಎಂದರ್ಥ. ಅಲ್ಲಿ 42-43 ಡಿಗ್ರಿ ಪ್ರತಿ ಬೇಸಿಗೆಯ ಮಾತು. ಅದಕ್ಕೆ ತಕ್ಕ ಬದುಕನ್ನೂ ಆ ಸೀಮೆ ಕಟ್ಟಿಕೊಂಡಿತ್ತು. ದಪ್ಪ ಗೋಡೆಯ ಮಣ್ಣಿನ ಮಾಳಿಗೆ, ನಸುಕಿನಲ್ಲೇ ಮುಗಿಯುವ ಹೊಲದ ಕೆಲಸ, ಊಟಕ್ಕೆ ಮಜ್ಜಿಗೆ, ದಾರಿಯಲ್ಲಿ ಹೋಗುವವರಿಗೆ ಅರವಟಿಗೆ. ಸರ್ಕಾರವೂ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳಿಗೆ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾ ಬಂದಿದೆ. ಆದರೆ ಮಣ್ಣಿನ ಮಾಳಿಗೆಗಳು ಹೋಗಿ ಆರ್‌ಸಿಸಿ ಛಾವಣಿ ಬಂತು, ಬಡವರ ಮನೆಗೆ ತಗಡು ಬಂತು. ಕಾದ ತಗಡಿನಡಿ ಮಧ್ಯಾಹ್ನ ಹಸುಗೂಸು ಮಲಗಿಸಿದ ತಾಯಿಗೆ ಹವಾಮಾನ ವರದಿಯ 43 ಡಿಗ್ರಿ ಲೆಕ್ಕಕ್ಕಿಲ್ಲ. ಆಕೆಯ ಮನೆಯೊಳಗಿನ ಸೆಕೆಯನ್ನು ಯಾರೂ ಅಳೆಯುವುದಿಲ್ಲ.

ಅಳೆಯುವ ವಿಚಾರದಲ್ಲಿ ಕರಾವಳಿಯದ್ದು ಇನ್ನೊಂದು ಕಥೆ. ಬಿಸಿಗಾಳಿ ಎಂದು ಪರಿಗಣಿಸಲು ಬಯಲಿನಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಇರಬೇಕು. ಜೊತೆಗೆ ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಷ್ಟಾದರೂ ಹೆಚ್ಚಿರಬೇಕು ಎಂಬುದು ಹವಾಮಾನ ಇಲಾಖೆಯ ಮಾನದಂಡ. ಕರಾವಳಿಗೆ ಅಂಕಿ ಕಡಿಮೆ ಇರುವುದಕ್ಕೆ ಕಾರಣ ಬೆವರು. ಮೈ ತಣಿಯುವುದು ಬೆವರು ಆರಿದಾಗ. ರಾಯಚೂರಿನ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಷ್ಟು ಬೇಗ ಆರುತ್ತದೆ. ಹಾಗಾಗಿ ಮೈಯಿಂದ ಎಷ್ಟು ನೀರು ಹೋಯಿತೆಂಬುದೂ ಗೊತ್ತಾಗದೆ ಮನುಷ್ಯ ಕುಸಿಯುತ್ತಾನೆ. ಮಂಗಳೂರಿನಲ್ಲಿ ಗಾಳಿಯೇ ನೀರು ಕುಡಿದಿರುತ್ತದೆ. ಅಂಗಿ ತೊಯ್ದು ತೊಪ್ಪೆಯಾದರೂ ಮೈಯ ಬಿಸಿ ಇಳಿಯುವುದಿಲ್ಲ. 35 ಡಿಗ್ರಿಯಲ್ಲೇ ಅಲ್ಲಿನ ಬಂದರಿನ ಹಮಾಲಿ ಬಸವಳಿಯುವುದು ಇದರಿಂದ. ಬರೀ ಉಷ್ಣಾಂಶ ನೋಡಿ ಕರಾವಳಿ ತಂಪಾಗಿದೆ ಎನ್ನುವುದು ದೊಡ್ಡ ತಪ್ಪು.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುತ್ತಾರೆ ರೈತರು. ಏಪ್ರಿಲ್ ಕೊನೆಯಿಂದ ಮೇ ಹತ್ತರ ತನಕದ ಆ ಮಳೆ ಬಿತ್ತನೆಗೆ ನೆಲ ಹದ ಮಾಡುತ್ತದೆ. ಆದರೆ ಬೇಸಿಗೆ ಮಳೆ ಎಲ್ಲರಿಗೂ ಒಂದೇ ಅಲ್ಲ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ಫೆಬ್ರುವರಿ ಕೊನೆಯಿಂದಲೇ ಆಕಾಶ ನೋಡುತ್ತಾರೆ. ಅವರು ಕಾಯುವುದು ಹೂಮಳೆಗೆ. ಒಂದಿಂಚಿನಷ್ಟು ಹದವಾದ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಗಿಡಗಳು ಬೆಳ್ಳಗೆ ಅರಳುತ್ತವೆ, ಇಡೀ ತೋಟ ಮಲ್ಲಿಗೆಯಂತೆ ಘಮಘಮಿಸುತ್ತದೆ. ಎರಡು-ಮೂರು ವಾರದ ಮೇಲೆ ಮತ್ತೊಂದು ಮಳೆ ಬೇಕು, ತೋಟದವರು ಅದನ್ನು ಬ್ಯಾಕಿಂಗ್ ಎನ್ನುತ್ತಾರೆ. ಅದು ಬಂದರೆ ಕಾಯಿ ನಿಲ್ಲುತ್ತದೆ. ನಾಲ್ಕು ಹನಿ ಉದುರಿಸಿ ಮೋಡ ಓಡಿಹೋದರೆ ಮೊಗ್ಗು ಅರೆಬರೆ ಬಿರಿದು ಕೆಡುತ್ತದೆ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕಿ ಹೂವು ತರಿಸುತ್ತಾರೆ, ಇಲ್ಲದ ಸಣ್ಣ ಬೆಳೆಗಾರರು ಕೈಚೆಲ್ಲುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವ ಈ ನಾಡಿನ ಆದಾಯ ಎರಡು ಬೇಸಿಗೆ ಮಳೆಗಳ ಮೇಲೆ ನಿಂತಿದೆ.

ಅದೇ ಮಳೆ ಅದೇ ವಾರ ವಿಜಯಪುರದ ತಿಕೋಟಾ ಕಡೆ ಬಿದ್ದರೆ ಅಲ್ಲಿನ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. ಅದು ಒಣದ್ರಾಕ್ಷಿಯ ಸುಗ್ಗಿ. ಕೊಯ್ದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಎರಡು-ಮೂರು ವಾರ ಬಿಸಿಗಾಳಿ ಆಡಿದರೆ ಹಣ್ಣು ಹಸಿರು ಹೊಂಬಣ್ಣಕ್ಕೆ ತಿರುಗಿ ಒಣಗುತ್ತದೆ. ಆ ಬಣ್ಣಕ್ಕೇ ಬೆಲೆ. ಬಡಗಣ ಕರ್ನಾಟಕದ ಕೆಂಡದಂಥ ಬಿಸಿಲು ಇಲ್ಲಿ ವರ. ಸಂಜೆ ಮೋಡ ಕಟ್ಟಿ ಗಾಳಿ ಎದ್ದಿತೆಂದರೆ ಮನೆಮಂದಿಯೆಲ್ಲ ಓಡಿ ಶೆಡ್ಡಿನ ಸುತ್ತ ತಾಡಪಾಲು ಇಳಿಬಿಡುತ್ತಾರೆ. ಗಾಳಿ ಅದನ್ನೂ ಹರಿದರೆ ಎರಚಲು ಬಡಿದು ಕಾಯಿ ಕಪ್ಪಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಸಾಲ ಮಾಡಿ ಬೆಳೆದ ಹಣ್ಣು ಮಹಾರಾಷ್ಟ್ರದ ತಾಸಗಾಂವ್ ಮಾರುಕಟ್ಟೆಗೆ ಹೋದಾಗ ಕೇಳುವವರಿರುವುದಿಲ್ಲ.

ಅಕಾಲಿಕ ಮಳೆ ಎಂಬ ಮಾತನ್ನು ಪತ್ರಿಕೆಗಳು ಧಾರಾಳವಾಗಿ ಬಳಸುತ್ತವೆ. ಯಾವುದು ಅಕಾಲ ಎಂಬುದು ಊರಿಂದ ಊರಿಗೆ ಬದಲಾಗುತ್ತದೆ. ಬೆಳೆ ವಿಮೆ, ಪರಿಹಾರ, ಮುನ್ನೆಚ್ಚರಿಕೆ ಎಲ್ಲವೂ ಆಯಾ ಸೀಮೆಯ ಈ ಲೆಕ್ಕಕ್ಕೆ ಹೊಂದಬೇಕು. ರಾಜ್ಯಕ್ಕೆಲ್ಲ ಒಂದೇ ಎಚ್ಚರಿಕೆ ಹೊರಡಿಸಿದರೆ ಅದು ಯಾರ ಕೆಲಸಕ್ಕೂ ಬಾರದು.

ಒಂದು ವಿಷಯದಲ್ಲಿ ಮಾತ್ರ ಎಲ್ಲ ಸೀಮೆಗಳೂ ಒಂದೇ. ಬೇಸಿಗೆ ಕೆಟ್ಟಾಗ ಮೊದಲ ಪೆಟ್ಟು ಬೀಳುವುದು ಬಯಲಲ್ಲಿ ಮೈಮುರಿದು ದುಡಿಯುವವರಿಗೆ. ಕಲಬುರಗಿ ಕಡೆ ಸರ್ಕಾರಿ ಕಚೇರಿ 1.30ಕ್ಕೆ ಬಾಗಿಲು ಹಾಕುತ್ತದೆ. ಉದ್ಯೋಗ ಖಾತ್ರಿಯ ಕೂಲಿಕಾರರಿಗೆ ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಸಿಕ್ಕಿದೆ. ಖಾಸಗಿ ಕಟ್ಟಡದಲ್ಲಿ ಸಿಮೆಂಟು ಹೊರುವ ಹೆಂಗಸಿಗೆ, ತಳ್ಳುಗಾಡಿಯವರಿಗೆ, ಡೆಲಿವರಿ ಹುಡುಗರಿಗೆ ಇಂಥ ಆದೇಶ ಯಾವುದೂ ಇಲ್ಲ. ಮಧ್ಯಾಹ್ನ 12ರಿಂದ 3ರ ನಡುವೆ ಬಿಸಿಲಿನ ಕೆಲಸ ಬೇಡ ಎಂದು ವೈದ್ಯರೂ ಸರ್ಕಾರವೂ ಹೇಳುತ್ತಲೇ ಇವೆ, ಅದು ಸಲಹೆಯಾಗಿಯೇ ಉಳಿದಿದೆ. ಕಾನೂನು ಬರಬೇಕು, ಬರುವವರೆಗೆ ಕೆಲಸ ಕೊಡುವವರಾದರೂ ಮನಸ್ಸು ಮಾಡಬೇಕು. ಈ ಬೇಸಿಗೆಯಲ್ಲಿ ಮನೆ ಕಟ್ಟಿಸುತ್ತಿರುವವರು, ತೋಟದ ಕೆಲಸ ಹಿಡಿಸಿರುವವರು ದಯವಿಟ್ಟು ಮೇಸ್ತ್ರಿಗೆ ಒಂದು ಮಾತು ಹೇಳಿ: ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಲಿ, ಹನ್ನೆರಡಕ್ಕೆ ನಿಲ್ಲಲಿ, ನೆರಳಲ್ಲಿ ಒಂದು ಮಡಕೆ ನೀರಿರಲಿ, ಕೂಲಿ ಮಾತ್ರ ಪೂರ್ತಿ ದಿನದ್ದೇ ಸಿಗಲಿ.