ಮೊಲದ ತೂಕ ಹುಲ್ಲಿನಿಂದ ಬರಲಿ, ರೊಟ್ಟಿಯಿಂದ ಬ್ಯಾಡ



ಮಕ್ಕಳ ಆಸೆಗೆಂದು ಮನೆಯಲ್ಲಿ ಒಂದೆರಡು ಬಿಳಿ ಮೊಲ ಸಾಕಿದ್ದೀರಾ? ಹಾಗಾದರೆ ಈ ನಾಲ್ಕು ಮಾತು ನಿಮಗಾಗಿ. ಇಲ್ಲಿ ಹೇಳುವುದು ಸಾಕು ಮೊಲದ ವಿಷಯ. ತೊಗರಿ ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿ ಹಿಡಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದನ್ನು ಇದ್ದಲ್ಲೇ ಬಿಟ್ಟುಬಿಡಿ.

ಮೊಲ ಹಸಿದರೆ ಆಡಿನಂತೆ ಒದರುವುದಿಲ್ಲ, ನೋವಾದರೆ ನಾಯಿಯಂತೆ ನರಳುವುದಿಲ್ಲ. ಶತ್ರುಗಳಿಗೆ ಹೆದರಿ ಬದುಕುವ ಪ್ರಾಣಿ, ಆದ್ದರಿಂದ ತನ್ನ ರೋಗವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಒಳಗೆ ಏನಾಗಿದೆ ಎಂದು ತಿಳಿಯಲು ನಮ್ಮ ಕೈಯಲ್ಲಿರುವ ಸುಲಭ ದಾರಿ ಅದರ ತೂಕ. ಆದರೆ ನಾವು ಏನು ಮಾಡುತ್ತೇವೆ? ಪ್ರೀತಿಯಿಂದ ರೊಟ್ಟಿ, ಚುರುಮುರಿ, ಬಿಸ್ಕತ್ತು ಹಾಕಿ, “ಎಷ್ಟು ಗುಂಡಗ ಆಗ್ಯಾದ ನೋಡ್ರಿ” ಎಂದು ಹೆಮ್ಮೆ ಪಡುತ್ತೇವೆ. ಆ ಗುಂಡಗಿರುವುದೇ ಅದಕ್ಕೆ ಕುತ್ತು.

ದಪ್ಪ ಆದರೆ ಏನಾಗುತ್ತದೆ?

ಮೊಲ ಎರಡು ತರಹದ ಹಿಕ್ಕೆ ಹಾಕುತ್ತದೆ. ಒಂದು ಗಟ್ಟಿ ಗುಂಡು, ಅದು ನಮಗೆ ಕಾಣುತ್ತದೆ. ಇನ್ನೊಂದು ಮೆತ್ತನೆಯದು. ಅದನ್ನು ಮೊಲ ಬಗ್ಗಿ ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಇದು ಹೊಲಸು ಅಲ್ಲ. ಅದರಲ್ಲಿ ಮೊಲಕ್ಕೆ ಬೇಕಾದ ಪ್ರೋಟೀನು, ಜೀವಸತ್ವ ಇರುತ್ತವೆ. ದಪ್ಪ ಮೊಲಕ್ಕೆ ಅಷ್ಟು ಬಗ್ಗಲು ಆಗುವುದಿಲ್ಲ. ಮೆತ್ತನೆ ಹಿಕ್ಕೆ ಹಿಂಭಾಗಕ್ಕೆ ಅಂಟಿ, ನೊಣ ಕೂತು ಹುಳ ಬೀಳುತ್ತವೆ. ಹುಳ ಬಿದ್ದರೆ ಮೊಲ ಒಂದೆರಡು ದಿನದಲ್ಲೇ ಸಾಯಬಹುದು. ಭಾರಕ್ಕೆ ಹಿಂಗಾಲಿನ ಅಡಿ ಒಡೆದು ಹುಣ್ಣಾಗುತ್ತದೆ, ತಂತಿ ಜಾಳಿಗೆಯ ಮೇಲಿದ್ದರೆ ಇನ್ನೂ ಬೇಗ. ಹೆಣ್ಣು ಮೊಲ ಗಬ್ಬ ನಿಲ್ಲುವುದು ಕಷ್ಟ, ಈಯುವುದೂ ಕಷ್ಟ.

ಹೊಟ್ಟೆಗೆ ಮುಖ್ಯ ಹುಲ್ಲು

ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ನಾರು ಇರುವ ಹುಲ್ಲನ್ನು ದಿನವಿಡೀ ಅಗಿದರೆ ಮಾತ್ರ ಅವು ಸವೆಯುತ್ತವೆ. ಕರುಳು ನಡೆಯುವುದೂ ಆ ನಾರಿನಿಂದಲೇ. ಹಿಟ್ಟು, ಕಾಳು, ಸಿಹಿ ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಉಚ್ಚಾಟ ಹತ್ತುತ್ತದೆ.

ಆದ್ದರಿಂದ ತಿನ್ನುವುದರಲ್ಲಿ ಹತ್ತರಲ್ಲಿ ಎಂಟು ಪಾಲು ಹುಲ್ಲೇ ಇರಲಿ. ಚೆನ್ನಾಗಿ ಒಣಗಿದ ಹುಲ್ಲು, ಕರಕಿ, ಬಲಿತ ಜೋಳದ ಕಣಕಿಯ ಒಣ ಗರಿ ಯಾವಾಗಲೂ ಮುಂದೆ ಇರಬೇಕು. ಇದಕ್ಕೆ ಅಳತೆ ಬೇಡ. ಜೊತೆಗೆ ದಿನಕ್ಕೆ ಒಂದೆರಡು ಹಿಡಿ ಹಸಿ ಸೊಪ್ಪು: ಕೊತ್ತಂಬರಿ, ಮೆಂತೆ, ಮೂಲಂಗಿ ಎಲೆ ಬದಲಿಸಿ ಬದಲಿಸಿ ಹಾಕ್ರಿ. ಹೊಸ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಗಜ್ಜರಿಯಲ್ಲಿ ಸಕ್ಕರೆ ಹೆಚ್ಚು, ವಾರಕ್ಕೊಮ್ಮೆ ಎರಡು ಬಿಲ್ಲೆ ಸಾಕು. ಅಂಗಡಿಯ ಗುಳಿಗೆ ಆಹಾರ ಕೊಡುವವರು, ಬೆಳೆದ ಮೊಲಕ್ಕೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ದಾಟಬೇಡಿ. ಕುದುರೆಮೆಂತೆ ಬಲವಾದ ಮೇವು. ಬೆಳೆಯುವ ಮರಿಗೆ, ಹಾಲೂಡಿಸುವ ತಾಯಿಗೆ ಒಳ್ಳೆಯದು, ಕೂತು ತಿನ್ನುವ ಮೊಲಕ್ಕೆ ಬೇಡ.

ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆಯ ಎಲೆ, ಬೂಸ್ಟು ಹಿಡಿದ ಹೊಟ್ಟು ಹಾಕಲೇಬಾರದು. ಎಳೆ ಜೋಳದ ಸಸಿ ತಿಂದು ದನ ಸಾಯುವುದು ನಿಮಗೆ ಗೊತ್ತೇ ಇದೆ, ಮೊಲಕ್ಕೂ ಅದು ವಿಷ. ತೊಗರಿ, ಹತ್ತಿ ಹೊಲಕ್ಕೆ ಎಣ್ಣೆ ಹೊಡೆದಿದ್ದರೆ ಆ ಹೊಲದ, ಅದರ ಬದುವಿನ ಹುಲ್ಲು ಕೊಯ್ಯಬೇಡಿ.

ತೂಕ ನೋಡುವುದು ಹೇಗೆ?

ಎಲ್ಲ ಮೊಲಕ್ಕೂ ಒಂದೇ ತೂಕ ಇಲ್ಲ. ಸಣ್ಣ ಜಾತಿ 2 ಕಿಲೋ ಒಳಗಿದ್ದರೆ, ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾದಂಥ ದೊಡ್ಡ ಜಾತಿ 4 ಕಿಲೋ ದಾಟುತ್ತವೆ. ಆದ್ದರಿಂದ ಪಕ್ಕದ ಮನೆಯ ಮೊಲಕ್ಕೆ ಹೋಲಿಸಬೇಡಿ, ಅದರ ಹೋದ ವಾರದ ತೂಕಕ್ಕೇ ಹೋಲಿಸಿ.

ಮೊದಲು ಕೈಯಿಂದ ನೋಡ್ರಿ. ಪಕ್ಕೆಲುಬಿನ ಮೇಲೆ ಮೆಲ್ಲಗೆ ಬೆರಳಾಡಿಸಿ. ಸೀರೆ ಸೆರಗಿನ ಕೆಳಗೆ ಬಳೆ ಮುಟ್ಟಿದಂತೆ ಅನಿಸಿದರೆ ಮೊಲ ಸರಿಯಾಗಿದೆ. ಬರೀ ಬಳೆ ಮುಟ್ಟಿದಂತೆ ಎಲುಬು ಚೂಪಾಗಿ ಸಿಕ್ಕರೆ ಬಡಕಲಾಗಿದೆ. ಕೌದಿಯ ಕೆಳಗೆ ಹುಡುಕಿದಂತೆ ಆದರೆ ಕೊಬ್ಬು ಬಂದಿದೆ. ಹೆಣ್ಣು ಮೊಲದ ಗದ್ದದ ಕೆಳಗೆ ಸ್ವಲ್ಪ ಜೋಲುವುದು ಸಹಜ.

ನಂತರ ತಕ್ಕಡಿ. ಒಂದು ಬುಟ್ಟಿಯಲ್ಲಿ ಮೊಲ ಕೂರಿಸಿ ತೂಗಿ, ಬುಟ್ಟಿಯ ತೂಕ ಕಳೆಯಿರಿ. ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಗೆ, ಒಂದು ಕೈ ಹಿಂಭಾಗಕ್ಕೆ ಆಸರೆ ಇರಲಿ. ಒದ್ದಾಡಿದರೆ ಬೆನ್ನೆಲುಬು ಮುರಿದೀತು. ಸಂಘದ ಉಳಿತಾಯ ಬರೆಯುವ ದಿನವೇ ಮೊಲದ ತೂಕವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. 2 ಕಿಲೋ ಮೊಲ 200 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು 50 ಕಿಲೋ ಇರುವ ಹೆಣ್ಣುಮಗಳು 5 ಕಿಲೋ ಇಳಿದಷ್ಟು. ಕಾರಣವಿಲ್ಲದೆ ಅಷ್ಟು ಇಳಿದರೆ ಪಶು ವೈದ್ಯರಿಗೆ ತೋರಿಸಲೇಬೇಕು. ಹಲ್ಲು ಉದ್ದ ಬೆಳೆದು ತಿನ್ನಲಾಗದೆಯೂ ಮೊಲ ಸೊರಗುತ್ತದೆ.

ಉಪವಾಸ ಬ್ಯಾಡ

ದಪ್ಪ ಆಗಿದೆ ಎಂದು ಒಮ್ಮೆಲೇ ಮೇವು ನಿಲ್ಲಿಸಬೇಡಿ. ಮೊಲದ ಕರುಳು ಖಾಲಿ ನಿಲ್ಲಬಾರದು. ಉಪವಾಸ ಬಿದ್ದರೆ ಕರುಳಿನ ಕೆಲಸ ನಿಂತು, ಕೊಬ್ಬು ಲಿವರಿಗೆ ಏರಿ ಸಾಯುತ್ತದೆ. ಮೊದಲು ರೊಟ್ಟಿ, ಬಿಸ್ಕತ್ತು ಬಿಡಿಸಿ. ಕಾಳು, ಗುಳಿಗೆ ಆಹಾರವನ್ನು ವಾರ ವಾರ ಸ್ವಲ್ಪ ಕಡಿಮೆ ಮಾಡಿ. ಒಣಹುಲ್ಲು ಮಾತ್ರ ಬೇಕಾದಷ್ಟು ಇರಲಿ. ದಿನಕ್ಕೆ ಮೂರ‍್ನಾಲ್ಕು ತಾಸು ಅಂಗಳದಲ್ಲಿ ನಾಯಿ, ಬೆಕ್ಕು ಬಾರದ ಹಾಗೆ ಓಡಾಡಲು ಬಿಡಿ. ಎರಡೂವರೆ ಕಿಲೋ ಮೊಲ ವಾರಕ್ಕೆ 25ರಿಂದ 50 ಗ್ರಾಂ ಇಳಿದರೆ ಸಾಕು. ಗಬ್ಬದ ಮೊಲಕ್ಕೆ ತೂಕ ಇಳಿಸಲು ಹೋಗಬೇಡಿ.

ಬೇಸಿಗೆಯಲ್ಲಿ ಎಚ್ಚರ

ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಲಕ್ಕೆ ನಮ್ಮ ಹಾಗೆ ಬೆವರು ಬರುವುದಿಲ್ಲ, ಕಿವಿಯಿಂದಲೇ ಮೈ ಬಿಸಿ ಹೊರಹಾಕಬೇಕು. ದಪ್ಪ ಮೊಲಕ್ಕೆ ಅದು ಇನ್ನೂ ಕಷ್ಟ. ಗೂಡನ್ನು ತಗಡಿನ ಕೆಳಗೆ ಇಡದೆ ಬೇವಿನ ನೆರಳಿಗೆ ಇಡಿ, ಮೇಲೆ ಹಸಿ ಗೋಣಿಚೀಲ ಹಾಕಿ, ಗಾಳಿ ಆಡಲಿ. ಮಣ್ಣಿನ ಪಾತ್ರೆಯಲ್ಲಿ ತಂಪು ನೀರು ಯಾವಾಗಲೂ ಇರಲಿ. ಬಿಸಿಲಿಗೆ ಹಗಲು ತಿನ್ನುವುದು ಕಡಿಮೆ, ಆದ್ದರಿಂದ ಬೆಳಗಿನ ಜಾವ ಮತ್ತು ಸಂಜೆ ಮೇವು ಹಾಕಿ.

ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಅದೇ ದಿನ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ, ತೂಕ ಬರೆದ ಹಾಳೆಯೂ ಜೊತೆಗಿರಲಿ. ಮನೆಯಲ್ಲಿದ್ದ ಗುಳಿಗೆ ಅರೆದು ಕುಡಿಸಬೇಡಿ. ನಮಗೆ ಕೊಡುವ ಅಮಾಕ್ಸಿಸಿಲಿನ್ ಮೊಲದ ಕರುಳನ್ನು ಕೆಡಿಸಿ ಜೀವ ತೆಗೆಯಬಲ್ಲದು.

ಮಕ್ಕಳಿಗೂ ಇದನ್ನು ಓದಿ ಹೇಳಿ. ತೂಗುವುದು, ಬರೆಯುವುದು ಅವರ ಕೆಲಸವಾಗಲಿ. ಬಿಸ್ಕತ್ತಿನ ಬದಲು ಒಂದು ಹಿಡಿ ಕರಕಿ ಕೊಡುವುದೇ ಮೊಲದ ಮೇಲಿನ ಪ್ರೀತಿ ಎಂದು ಅವರಿಗೆ ತಿಳಿಯಲಿ.